ಪಂಗಾನಿಯಲ್ಲಿ ನಿಲ್ಲುವ ಬೈಕು

ನಮ್ಮನೆಯವರ ಬೈಕಿಗೊಂದು ಕಾಯಿಲೆ ಹತ್ತಿಕೊಂಡಿತ್ತು. ಬೆಳಿಗ್ಗೆ ನಮ್ಮ ಮನೆಯಿರೋ ಸೌತ್ ಸಿಯಿಂದ ಜಮ್ಮಂತ ಹೊರಡೋದು, ಊರು ದಾಟಿ ತೀಕಾ ರೋಡಿನ ಪಂಗಾನಿ ಹತ್ತಿರ ಬರೋಷ್ಟರಲ್ಲಿ ಎರಡು ಸಲ ಮುಗ್ಗರಿಸಿ ಇಂಜಿನ್ ನಿಂತೇ ಹೋಗೋದು. ರಸ್ತೆ ಪಕ್ಕ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡರೆ ಮತ್ತೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ನಾನು ಈ ಪರದೇಶದಲ್ಲಿ ಇಪ್ಪತ್ತೆಂಟು ವರ್ಷದಿಂದ ನ್ಗಾರಾ ಪೇಟೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿರೋ ಡಾಕ್ಟರು. ಮನೆಯಲ್ಲಿ ರಾತ್ರಿಯೆಲ್ಲ ಕೆಮ್ಮಿ, ನನ್ನೆದುರು ಮಾತ್ರ ಕಮಕ್ ಕಿಮಕ್ ಅನ್ನದ ರೋಗಿಗಳನ್ನ ಬೇಕಾದಷ್ಟು ನೋಡಿದ್ದೀನಿ. ಇದೂ ಅದೇ ಜಾತಿ.

ನಮ್ಮನೆಯವರು ಸೂರ್ಯನಾರಾಯಣ. ಕಾಲೇಜಿನಲ್ಲಿ ಮೂವತ್ತು ವರ್ಷ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿ ರಿಟೈರ್ ಆದವರು. ರಿಟೈರ್ ಆದವರು ಮನೇಲಿ ಪೇಪರ್ ಓದಿಕೊಂಡು ಇರಬೇಕೋ ಬೇಡವೋ? ಇವರು ಒಂದು ಹಳೇ ಬೈಕ್ ತಗೊಂಡು ಸೋಮವಾರ, ಬುಧವಾರ, ಶನಿವಾರ ಕಸರಾನಿಗೆ ಹೊರಟರು, ಅಲ್ಲೊಂದು ಚರ್ಚ್ ಹಾಲಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಡೋಕೆ. ಕಾರಿದೆಯಲ್ಲ, ಅದರಲ್ಲಿ ಹೋಗಿ ಅಂದರೆ, ಕಾರಿನಲ್ಲಿ ಕೂತರೆ ತನಗೆ ಅರವತ್ನಾಲ್ಕು, ಬೈಕ್ ಮೇಲೆ ಕೂತರೆ ನಲವತ್ತು ಅಂತ ನಗ್ತಾರೆ. ಆ ಮುಖ ನೋಡಿದರೆ ಬೈಯೋಕೂ ಮನಸ್ಸು ಬರಲ್ಲ. ಆದರೂ ಬೈತಿದ್ದೆ, ಅದು ಬೇರೆ ವಿಷಯ.

ಆ ವರ್ಷ, ಅಂದರೆ ಎರಡು ಸಾವಿರದ ಹದಿನಾಲ್ಕರ ಮೇ ತಿಂಗಳಲ್ಲಿ, ಮೊಂಬಾಸಾ ರೋಡಿನ ಮಳೆನೀರಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. ನಾನು ಪ್ಲಾಸ್ಟರ್ ಹಾಕಿಸುವಾಗಲೂ ಬೈದೆ, ತೆಗೆಸುವಾಗಲೂ ಬೈದೆ. ಪ್ಲಾಸ್ಟರ್ ತೆಗೆದ ಮಾರನೇ ವಾರವೇ ಮಹಾರಾಯರು ಹೆಲ್ಮೆಟ್ ಒರೆಸ್ತಾ ಕೂತಿದ್ದರು. ಅಕ್ಟೋಬರ್‌ನಲ್ಲಿ ಆಯುಧಪೂಜೆ ಬಂತು. ಕಾರಿಗೆ ಹಚ್ಚಿದ ಹಾಗೇ ಬೈಕಿಗೂ ಗಂಧ ಕುಂಕುಮ ಹಚ್ಚಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ದುಂಡಗೆ, ಹಣೆ ಥರ ಎದುರಿಗೇ ಇತ್ತು, ಅದರ ಮೇಲೇ ಇಟ್ಟೆ. ಅವತ್ತೇನೋ ಮನಸ್ಸಿಗೆ ಸಮಾಧಾನ ಆಯಿತು. ಮುಂದಿನ ಶುಕ್ರವಾರ ಇವರು ಏಳೋದಕ್ಕೆ ಮುಂಚೆ ಮತ್ತೆ ಹಚ್ಚಿದೆ. ಅದರ ಮುಂದಿನ ಶುಕ್ರವಾರಾನೂ. ನಾನೇನು ಅಂಥ ದೇವರು ದಿಂಡರು ಅನ್ನೋಳಲ್ಲ. ಇವರು ಕೇಳಿದರೆ ಸಂಪ್ರದಾಯ ಅಂತ ಬಾಯಿ ಮುಚ್ಚಿಸೋಣ ಅಂದುಕೊಂಡಿದ್ದೆ. ಇವರು ಕೇಳಲೇ ಇಲ್ಲ.

ಬೈಕ್ ನಿಲ್ಲೋಕೆ ಶುರುವಾಗಿದ್ದೂ ಆಗಲೇ. ಪಂಗಾನಿಯಲ್ಲಿ ಜನ ತುಂಬಿಕೊಂಡು ಓಡೋ ಮಟಾಟು ವ್ಯಾನುಗಳು ಹೇಗೆ ನುಗ್ತಾವೆ ಅಂತ ನೋಡಿದವರಿಗೇ ಗೊತ್ತು. ಅದರ ಮಧ್ಯೆ ಇವರ ಇಂಜಿನ್ ನಿಂತರೆ? ನನ್ನ ಕ್ಲಿನಿಕ್ ಹಿಂದೆ ಮುತುವಾ ಅಂತ ಒಬ್ಬ ಫುಂಡಿ, ಅಂದರೆ ಇಲ್ಲಿನ ಮಾತಿನಲ್ಲಿ ಮೆಕ್ಯಾನಿಕ್, ಇದ್ದಾನೆ, ಬೈಕ್ ರಿಪೇರಿಯಲ್ಲಿ ಎತ್ತಿದ ಕೈ. ಬೈಕ್ ಅವನ ಹತ್ತಿರ ಕಳಿಸಿದೆ. ಪ್ಲಗ್ ಬದಲಾಯಿಸಿದ. ನಿಂತಿತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ನಿಂತಿತು. ಪೆಟ್ರೋಲ್ ಪೈಪ್ ಹೊಸದು ಹಾಕಿದ. ಅದಕ್ಕೂ ಬಗ್ಗಲಿಲ್ಲ. ಅವನ ಕೈಯಲ್ಲಿ ಇರೋವರೆಗೂ ಬಂಗಾರದಂಥ ಗಾಡಿ. ಅವನೋ ಇಡೀ ಬೈಕ್ ತೊಳೆದು ಫಳಫಳ ಅನ್ನಿಸಿ, ಮುಚ್ಚಳದ ಮೇಲಿನ ಕುಂಕುಮ ಒಂದನ್ನ ಮಾತ್ರ ಹಾಗೇ ಬಿಟ್ಟು ಕಳಿಸೋನು. ಅದು ಡಾಕ್ಟರಮ್ಮನ ದವಾ, ಅಂದರೆ ಔಷಧಿ, ನಾನು ಮುಟ್ಟಬಾರದು ಅಂದನಂತೆ. ಎಂಥ ಮರ್ಯಾದಸ್ಥ ಅಂತ ಮೆಚ್ಚಿಕೊಂಡೆ. ಬೈಕ್ ನಿಂತಷ್ಟೂ ನನಗೆ ಹೆದರಿಕೆ, ಹೆದರಿಕೆ ಆದಷ್ಟೂ ಗಂಧ ದಪ್ಪ ಮಾಡಿ ಹಚ್ಚಿದೆ.

ಡಿಸೆಂಬರ್ ಹೊತ್ತಿಗೆ ನನ್ನ ತಾಳ್ಮೆ ಮುಗೀತು. ಇನ್ನೊಂದು ಸಲ ನಿಂತರೆ ಮಾರಿಬಿಡಬೇಕು ಅಂದೆ. ಇವರು ಜಗಳ ಆಡ್ತಾರೆ ಅಂತ ಸೆರಗು ಕಟ್ಟಿ ನಿಂತಿದ್ದೆ. ಇವರು ಆಗಲಿ ಅಂದುಬಿಟ್ಟರು. ಆ ಬುಧವಾರ ನಿಲ್ಲಲಿಲ್ಲ, ಆದರೆ ಶನಿವಾರ ನಿಂತಿತು. ನ್ಗಾರಾದಲ್ಲಿ ಅಂಗಡಿ ಇಟ್ಟಿರೋ ಪ್ರೀತಮ್‌ಗೆ ಸಾಮಾನು ತಲುಪಿಸೋಕೆ ಬೈಕ್ ಬೇಕಾಗಿತ್ತು, ಮುಂದಿನ ಭಾನುವಾರ ಬಂದು ತಗೊಂಡು ಹೋಗ್ತೀನಿ ಅಂದ. ಆ ವಾರ ಇಡೀ ಇವರು ಊಟ ಮಾಡಿದರು, ಪೇಪರ್ ಓದಿದರು, ಎಲ್ಲ ಸರಿಯಾಗೇ ಇದ್ದರು. ಸಂಜೆ ಹೊತ್ತು ಮಾತ್ರ ಗೇಟಿನ ಹತ್ತಿರ ಹೋಗಿ ಬೈಕಿನ ಸೀಟ್ ಮೇಲೆ ಕೈಯಿಟ್ಟುಕೊಂಡು ನಿಲ್ಲೋರು. ನಾನು ಅದನ್ನ ಕಿಟಕಿಯಿಂದ ನೋಡ್ತಿದ್ದೆ.

ಇಲ್ಲ, ಕಾಯಿಲೆ ಏನು ಅಂತ ತಿಳಿಯದೆ ರೋಗಿನ ಸಾಗಹಾಕೋದು ನನ್ನ ಜಾಯಮಾನ ಅಲ್ಲ. ಕೊನೇ ಶನಿವಾರ ಹೆಲ್ಮೆಟ್ ಹಾಕಿಕೊಂಡು ನಾನೂ ಹಿಂದೆ ಹತ್ತಿ ಕೂತೆ. ಇವರು ಬೇಡ ಬೇಡ ಅಂದರು. ಫಿಟ್ಸ್ ಬರೋ ರೋಗಿನ ಫಿಟ್ಸ್ ಬಂದಾಗಲೇ ನೋಡಬೇಕು, ಸುಮ್ಮನೆ ನಡೀರಿ ಅಂದೆ. ದಾರಿಯುದ್ದಕ್ಕೂ ರೋಗಿಗೆ ಕೇಳೋ ಪ್ರಶ್ನೆಗಳನ್ನೇ ಇವರ ಬೆನ್ನಿಗೆ ಕೇಳಿದೆ. ಟ್ಯಾಂಕ್ ತುಂಬಿಸಿದಾಗ ಜಾಸ್ತಿಯೋ ಕಡಿಮೆಯೋ? ತುಂಬಿಸಿದಾಗಲೇ ಜಾಸ್ತಿಯಂತೆ. ಯಾವ ದಿನ ಜಾಸ್ತಿ? ಶನಿವಾರ. ಸೋಮವಾರ? ಒಂದೊಂದು ಸಲ. ಬುಧವಾರ? ಇಲ್ಲ. ವಾರ ನೋಡಿಕೊಂಡು ಬರೋ ಜ್ವರ ಯಾವುದಪ್ಪಾ ಅಂತ ನಾನು ತಲೆ ಕೆರೆದುಕೊಳ್ಳೋಷ್ಟರಲ್ಲಿ ಪಂಗಾನಿ ಬಂತು, ಬೈಕ್ ಎರಡು ಸಲ ಮುಗ್ಗರಿಸಿ ನಿಂತಿತು.

ಪಕ್ಕಕ್ಕೆ ತಳ್ಳಿಕೊಂಡು ಹೋದೆವು. ನಿಂತಾಗ ಮೊದಲು ಏನು ಮಾಡ್ತೀರಿ, ಅದನ್ನೇ ಮಾಡಿ ಅಂದೆ. ಇವರು ಸ್ವಲ್ಪ ಅನುಮಾನಿಸಿ, ಟ್ಯಾಂಕಿನ ಮುಚ್ಚಳಕ್ಕೆ ಬೀಗದ ಕೈ ಹಾಕಿ ತಿರುಗಿಸಿದರು. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಮುಚ್ಚಳ ಹಾಕಿ ಕಿಕ್ ಹೊಡೆದರೆ ಇಂಜಿನ್ ಶುರು. ನಾನು ಇಂಜಿನ್ ಆಫ್ ಮಾಡಿಸಿ, ಮುಚ್ಚಳ ಕಿತ್ತುಕೊಂಡು ಕನ್ನಡಕ ಏರಿಸಿ ನೋಡಿದೆ. ಪೆಟ್ರೋಲ್ ಖಾಲಿಯಾದ ಹಾಗೆ ಒಳಕ್ಕೆ ಗಾಳಿ ಹೋಗಲಿ ಅಂತ ಮುಚ್ಚಳದಲ್ಲೊಂದು ಸಣ್ಣ ತೂತು ಇರುತ್ತಲ್ಲ, ಅದರ ತುಂಬ ಗಂಧ, ಮೇಲೆ ಕುಂಕುಮ, ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಗಾಳಿ ಹೋಗದಿದ್ದರೆ ಪೆಟ್ರೋಲ್ ಕೆಳಗೆ ಹೇಗೆ ಇಳಿಯುತ್ತೆ? ಶುಕ್ರವಾರ ಹಚ್ಚೋದು, ಶನಿವಾರ ಉಸಿರು ಕಟ್ಟೋದು, ಬುಧವಾರದ ಹೊತ್ತಿಗೆ ಒಣಗಿ ಬಿರಿದು ಗಾಳಿ ಆಡೋದು. ಡಾಕ್ಟರೇ ತಂದಿಟ್ಟ ಕಾಯಿಲೆ. ಇವರು ದಾರೀಲಿ ಏನೂ ಆಗದೆ ಇರಲಿ ಅಂತ ಹಚ್ಚಿದ್ದೇ ಇವರನ್ನ ನಡುದಾರೀಲಿ ನಿಲ್ಲಿಸಿತ್ತು.

ತಪ್ಪು ನಂದೇ ಆದಾಗ ನನಗೆ ಕೋಪ ಜಾಸ್ತಿ. ಮೂವತ್ತು ವರ್ಷ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಟ್ಟವರಿಗೆ ಶುಕ್ರವಾರ ಯಾವುದು ಶನಿವಾರ ಯಾವುದು ಅಂತ ಕಾಣಲಿಲ್ಲವಾ ಅಂತ ರೇಗಿದೆ. ಇವರು ಹೆಲ್ಮೆಟ್ಟಿನ ಪಟ್ಟಿ ಎಳೀತಾ ರಸ್ತೆ ಕಡೆ ನೋಡ್ತಾ ನಿಂತರು. ಮೂವತ್ತೈದು ವರ್ಷ ಜೊತೆಗೆ ಬಾಳಿದ್ದೀನಿ, ಆ ನೋಟ ನನಗೆ ಗೊತ್ತಿಲ್ಲವಾ?

"ನಿಮಗೆ ಗೊತ್ತಿತ್ತು," ಅಂದೆ.

"ಎರಡನೇ ವಾರಕ್ಕೇ ಗೊತ್ತಾಯಿತು."

"ಗೊತ್ತಿದ್ದೂ ಬೈಕ್ ಮಾರೋಕೆ ಒಪ್ಪಿಕೊಂಡಿರಾ? ಒಂದು ಪಿನ್ ತಗೊಂಡು ಚುಚ್ಚಿದ್ದರೆ ಆಗ್ತಿತ್ತಲ್ಲ ರೀ."

"ಮನಸ್ಸು ಬರಲಿಲ್ಲ ಕಣೇ," ಅಂದರು. "ಇಷ್ಟು ವರ್ಷದಲ್ಲಿ ನೀನು ಒಂದು ಸಲವಾದರೂ ಹುಷಾರಾಗಿ ಹೋಗಿಬನ್ನಿ ಅಂದಿದ್ದೀಯಾ? ಬರೀ ಬೈದಿದ್ದೀಯ. ಇದೊಂದನ್ನ ಮಾತ್ರ ಕದ್ದುಮುಚ್ಚಿ ಹಚ್ಚಿದ್ದೀಯ. ನಾನು ಅದನ್ನ ಚುಚ್ಚೋದಾ? ಬೈಕ್ ಹೋದರೆ ಹೋಗಲಿ ಅನ್ನಿಸಿತು."

ನನಗೆ ಅಳು ಬಂತು. ತೀಕಾ ರೋಡಿನ ಪಕ್ಕ, ಮಟಾಟು ಕಂಡಕ್ಟರುಗಳ ಎದುರು, ಹೆಲ್ಮೆಟ್ ಹಾಕಿಕೊಂಡು ಅತ್ತೆ. ಆಮೇಲೆ ಬ್ಯಾಗಿನಿಂದ ಇಂಜೆಕ್ಷನ್ ಸೂಜಿ ತೆಗೆದು ಆ ತೂತನ್ನ ನಾನೇ ಬಿಡಿಸಿದೆ. ಕಸರಾನಿವರೆಗೆ ಹೋಗಿ ಬಂದೆವು, ಎಲ್ಲೂ ನಿಲ್ಲಲಿಲ್ಲ. ದಾರೀಲೇ ಪ್ರೀತಮ್‌ಗೆ ಫೋನ್ ಮಾಡಿ ಬೈಕ್ ಕೊಡಲ್ಲ ಅಂದೆ. ಅವನು ಗೊಣಗಿದ. ಗೊಣಗಲಿ.

ಸೋಮವಾರ ಇವರು ಹೊರಟಾಗ ಗೇಟಿನವರೆಗೂ ಹೋದೆ. ಮುಚ್ಚಳ ಬೋಳಾಗಿತ್ತು. ಬೈಗುಳವೆಲ್ಲ ಬಾಯಿಗೆ ಬಂದು ನಿಂತಿತ್ತು, ಒಂದನ್ನೂ ಆಚೆ ಬಿಡಲಿಲ್ಲ. ನಾಚಿಕೆ ಬಿಟ್ಟು ಹೇಳಿದೆ.

"ಹುಷಾರಾಗಿ ಹೋಗಿಬನ್ನಿ."

ಬೈಕ್ ಗೇಟು ದಾಟಿ ಎರಡು ಮಾರು ಹೋಗಿತ್ತೋ ಇಲ್ಲವೋ, ಇಂಜಿನ್ ನಿಂತುಹೋಯಿತು. ಇನ್ನೇನು ಉಳಿದಿದೆಯಪ್ಪಾ ಅಂತ ಓಡಿದೆ. ನೋಡಿದರೆ ಇವರೇ ಕೀ ತಿರುಗಿಸಿ ಆಫ್ ಮಾಡಿದ್ದಾರೆ. ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿ, ನಗು ತಡೆದುಕೊಂಡು ನನ್ನ ಕಡೆ ತಿರುಗಿದರು.

"ಇನ್ನೊಂದು ಸಲ ಹೇಳು," ಅಂದರು.