ಅರವತ್ತೆರಡು ಅಂಕದ ಬೀದಿ

ಲಾಂಗ್ ಬೀಚ್‌ಗೂ ರೆಡೊಂಡೊ ಬೀಚ್‌ಗೂ ನಡುವೆ, ಎರಡೂ ಊರುಗಳು ತಮ್ಮದಲ್ಲವೆಂದು ಕೈಬಿಟ್ಟಂತಿರುವ ವಿಸ್ತಾ ಸೆರೀನಾ ಎಂಬ ಪುಟ್ಟ ನಗರದಲ್ಲಿ ಎಜಾಜ್ ರಸ್ತೆಗಳಿಗೆ ಅಂಕ ಕೊಡುವ ಎಂಜಿನಿಯರು. ನೂರು ಎಂದರೆ ಈಗಷ್ಟೇ ಹಾಕಿದ ಡಾಂಬರು, ಸೊನ್ನೆ ಎಂದರೆ ಉತ್ತ ಹೊಲ. ಐವತ್ತಕ್ಕಿಂತ ಕೆಳಗೆ ಬಿದ್ದ ಬೀದಿ ಆ ವರ್ಷ ಹಣ ಸಾಕಾದರೆ ರಿಪೇರಿ ಪಟ್ಟಿಗೆ ಸೇರುತ್ತದೆ. ಫೇಲಾದವರಿಗೇ ಬಹುಮಾನ ಸಿಗುವ ಪರೀಕ್ಷೆ ಬಹುಶಃ ಇದೊಂದೇ.

ರಿಪೇರಿಗೆ ಹಣ ಬರುವುದು ಕರೆಂಟು ಮತ್ತು ಗ್ಯಾಸು ಕಂಪನಿಗಳಿಂದ. ನಗರದ ಬೀದಿಗಳಲ್ಲಿ ಕಂಬ ನೆಟ್ಟು, ಪೈಪು ಹೂತಿದ್ದಕ್ಕಾಗಿ ಅವು ನಗರಕ್ಕೆ ಫ್ರಾಂಚೈಸ್ ಫೀ ಕೊಡುತ್ತವೆ. ಕೊಟ್ಟದ್ದನ್ನು ಜನರ ಬಿಲ್ಲಿನಲ್ಲಿ ಸದ್ದಿಲ್ಲದೆ ವಸೂಲು ಮಾಡಿಕೊಳ್ಳುತ್ತವೆ. ಇದನ್ನು ಎಜಾಜ್ ಒಮ್ಮೆ ತನ್ನ ತಾಯಿ ಜೈನಬ್ ಬೀಗೆ ವಿವರಿಸಿ ಕೆಟ್ಟಿದ್ದ. ಆಕೆಯ ಮನೆಮಾತು ಉರ್ದು. ಆಕ್ಷೇಪಣೆಯಿದ್ದರೆ ಮಾತ್ರ ಕನ್ನಡ, ಏಕೆಂದರೆ ಆ ಭಾಷೆಯನ್ನು ಆಕೆ ಚೆನ್ನಾಗಿ ಪಳಗಿಸಿಕೊಂಡದ್ದು ಮೈಸೂರಿನ ಸರ್ಕಾರಿ ಕಚೇರಿಗಳ ಕೌಂಟರಿನಲ್ಲಿ ನಿಂತು ಜಗಳವಾಡಿ.

"ಅಂದ್ರೆ ನಾನು ಚಾ ಕಾಸಿದಾಗೆಲ್ಲಾ ರಸ್ತೆಗೆ ದುಡ್ಡು ಹೋಯ್ತು ಅನ್ನು. ದಿನಕ್ಕೆ ಆರು ಸಲ ಕಾಸ್ತೀನಲ್ಲೋ! ನಮ್ಮ ಬೀದಿ ಯಾಕೋ ಹಿಂಗೈತೆ?"

"ಎಲ್ಲಾ ಬೀದಿಗೂ ಸರದಿ ಬರುತ್ತೆ ಅಮ್ಮಿ."

"ಪಟ್ಟಿ ಬರಿಯೋನು ನೀನೇ ಅಲ್ವಾ?"

"ಅದಕ್ಕೇ."

"ಸರಿ ಹಂಗಾದ್ರೆ, ಹಾಲ್ ಲೈಟ್ ಆರಿಸ್ಬೇಡ. ಇನ್ನೊಂದಿಷ್ಟು ಡಾಂಬರು ಸೇರ್ಲಿ."

2021ರಲ್ಲಿ ಎಜಾಜ್ ತನ್ನ ಬೀದಿಯನ್ನು ತಾನೇ ಅಳೆದ. ನಲವತ್ಮೂರು ಬಂತು. ಆ ಸಂಖ್ಯೆಯ ಬೆನ್ನಿಗೇ ನಾಳೆ ಜನ ಆಡಿಕೊಳ್ಳುವುದೂ ಅವನ ಕಿವಿಗೆ ಬಂತು: ಮನೆ ಮುಂದೆ ಡಾಂಬರು ಹಾಕಿಸ್ಕೊಂಡ ನೋಡು. ಅಳೆಯುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬಹುದಿತ್ತು. ಒಪ್ಪಿಸಿದ್ದರೆ ಅವರೂ ನಲವತ್ಮೂರೇ ಬರೆಯುತ್ತಿದ್ದರು. ಅವನು ಅರವತ್ತೆರಡು ಎಂದು ಬರೆದ. ಲಂಚಕ್ಕಾಗಿ ಸುಳ್ಳು ಬರೆದವರನ್ನು ಹಿಡಿಯಲು ಕಾನೂನುಗಳಿವೆ. ಪ್ರಾಮಾಣಿಕನೆನಿಸಿಕೊಳ್ಳಲು ಸುಳ್ಳು ಬರೆದವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಮರುವರ್ಷ, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ತಿರುಗಾಡಲು ಹೊರಟ ಜೈನಬ್ ಬೀಯ ನಾಲ್ಕು ಕಾಲಿನ ವಾಕರ್ ಮನೆಯೆದುರಿನ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಸೊಂಟದ ಮೂಳೆ ಮುರಿಯಿತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಆಕೆ ತೀರಿಕೊಂಡರು.

ಸದ್ದು ಶುರುವಾದದ್ದು ನಲವತ್ತು ದಿನ ಕಳೆದ ಮೇಲೆ. ಕತ್ತಲಲ್ಲಲ್ಲ, ಅಸರ್ ಕಳೆದ ಹೊತ್ತಿನಲ್ಲಿ, ಬಿಸಿಲು ಹೆಂಚಿನ ಮೇಲೆ ಇನ್ನೂ ಬಿದ್ದಿರುವಾಗಲೇ. ವಾಕರಿನ ಮುಂದಿನ ಕಾಲುಗಳ ಟಕ್, ಟೆನಿಸ್ ಚೆಂಡು ಸಿಕ್ಕಿಸಿದ ಹಿಂದಿನ ಕಾಲುಗಳ ಸರ್ರ್. ಮೂಲೆಯಿಂದ ಹೊರಟು, ಬಿರುಕಿನ ತನಕ ಬಂದು ನಿಲ್ಲುತ್ತಿತ್ತು. ಬಾಗಿಲ ಕ್ಯಾಮೆರಾ ಫೋನಿಗೆ ಸುದ್ದಿ ಕಳಿಸುತ್ತಿತ್ತು: ಹೊರಗೆ ಯಾರೋ ಇದ್ದಾರೆ. ನೋಡಿದರೆ ಖಾಲಿ ಬೀದಿ.

"ಅಬ್ಬೂ, ಇಟ್ಸ್ ಜಸ್ಟ್ ದ ವಿಂಡ್," ಎಂದು ಮಗಳು ಸಿದ್ರಾ ಫೋನು ಕಿತ್ತುಕೊಂಡು ಅಲರ್ಟ್ ಆಫ್ ಮಾಡಿಕೊಟ್ಟಳು. ಸದ್ದು ಆಫ್ ಆಗಲಿಲ್ಲ.

ಎರಡು ವರ್ಷದ ಮೇಲೆ ಕರೆಂಟು ಕಂಪನಿಯ ಒಪ್ಪಂದ ಹೊಸದಾಯಿತು, ಫೀ ಹೆಚ್ಚಿತು. ಐವತ್ತರ ಕೆಳಗಿನ ಒಂದು ಬೀದಿಯೂ ಈ ಸಲ ಉಳಿಯುವುದಿಲ್ಲವೆಂದು ನಗರಸಭೆ ಸಾರಿತು. ಶುಕ್ರವಾರ ಪಟ್ಟಿ ಹೋಗಬೇಕು. ಅಂಕಗಳು ಹಳೆಯವೇ. ಅರವತ್ತೆರಡಕ್ಕೆ ಅಲ್ಲಿ ಜಾಗವಿಲ್ಲ.

ಆ ವಾರ ವಾಕರ್ ಬಿರುಕಿನ ಬಳಿ ಬಂದು ಸುಮ್ಮನಾಗಲಿಲ್ಲ. ನಿಂತಲ್ಲೇ ಟಕ್, ಟಕ್ ಎಂದು ಹೊತ್ತು ಮುಳುಗುವ ತನಕ ತಟ್ಟಿತು, ಗುಮಾಸ್ತ ತಲೆಯೆತ್ತಲೆಂದು ಜನ ಕೌಂಟರು ತಟ್ಟುವ ಹಾಗೆ. ಗುಮಾಸ್ತ ಒಳಗೆ ಕಿಟಕಿ ಮುಚ್ಚಿಕೊಂಡು ಕೂತಿದ್ದ.

ಗುರುವಾರ ಮಧ್ಯಾಹ್ನ ಅವನು ಶಾಮಲಾ ಅವರ ಕೋಣೆಗೆ ಹೋದ. ಪಟ್ಟಿಗೆ ಸಹಿ ಹಾಕುವವರು ಅವರೇ. ಮೂಲ ಬೆಂಗಳೂರು, ಈಗಿರುವುದು ಸ್ಯಾನ್ ಡಿಯೆಗೊದ ಮೀರಾ ಮೆಸಾದಲ್ಲಿ, ಇಲ್ಲಿಗೆ ಬರುವುದು ವಾರಕ್ಕೆರಡು ದಿನ.

"ಒಂದು ಅಂಕ ತಪ್ಪಿದೆ ಮೇಡಂ. ನಮ್ಮ ಬೀದೀದು. ನಲವತ್ಮೂರು ಬಂದಿತ್ತು. ನಾನೇ ಅರವತ್ತೆರಡು ಮಾಡ್ದೆ."

ಶಾಮಲಾ ಕನ್ನಡಕ ತೆಗೆದರು. "ಕಮ್ಮಿ ಇದ್ದಿದ್ದನ್ನ ಜಾಸ್ತಿ ಮಾಡಿದ್ರಾ? ಸ್ವಂತ ಬೀದಿಗೆ? ಯಾರ್ರೀ ಹಾಗೆ ಮಾಡ್ತಾರೆ?"

"ಯಾರೂ ಏನೂ ಅನ್ಬಾರ್ದು ಅಂತ."

"ಮತ್ತೆ ನಿಮ್ಮ ತಾಯಿ ಬಿದ್ದಿದ್ದು..."

"ಅಲ್ಲೇ."

ಶಾಮಲಾ ಕನ್ನಡಕ ಮತ್ತೆ ಹಾಕಿಕೊಂಡರು.

"ಇದನ್ನ ನಾನು ಮೇಲೆ ಬರೀಲೇಬೇಕು ಎಜಾಜ್. ಪಟ್ಟಿ ನಿಮ್ಮ ಕೈ ತಪ್ಪುತ್ತೆ. ಕೆಲಸಾನೂ ಹೋಗ್ಬಹುದು."

"ಗೊತ್ತು."

"ನಡೀರಿ, ಈಗ್ಲೇ ಅಳೆಯೋಣ. ನೀವು ಮಾತ್ರ ಟೇಪ್ ಮುಟ್ಬೇಡಿ."

ಶಾಮಲಾ ಬೀದಿಯುದ್ದಕ್ಕೂ ಬಗ್ಗಿ ಬಗ್ಗಿ ಬಿರುಕು ಎಣಿಸಿದರು, ತಗ್ಗಿಗೆ ಟೇಪು ಇಳಿಸಿದರು. ಎಜಾಜ್ ಕೈಕಟ್ಟಿ ಫುಟ್‌ಪಾತಿನಲ್ಲಿ ನಿಂತಿದ್ದ. ಐದು ಗಂಟೆ ದಾಟುತ್ತಿದ್ದಂತೆ ಮೂಲೆಯಿಂದ ಸದ್ದು ಹೊರಟಿತು. ಟಕ್, ಸರ್ರ್. ಅವನು ತಲೆಯೆತ್ತಲಿಲ್ಲ.

ಮನೆಯೆದುರಿನ ಬಿರುಕಿನ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದ ಶಾಮಲಾ ಎದ್ದು ಎರಡು ಹೆಜ್ಜೆ ಪಕ್ಕಕ್ಕೆ ಸರಿದರು. "ಸಾರಿ ಆಂಟಿ, ದಾರಿಗೆ ಅಡ್ಡ ಕೂತ್ಬಿಟ್ಟೆ," ಎಂದರು ಕನ್ನಡದಲ್ಲಿ. ಏನನ್ನೋ ಕೇಳಿಸಿಕೊಂಡು ನಕ್ಕು ಎಜಾಜ್ ಕಡೆ ತಿರುಗಿದರು. "ನಿಮ್ಮ ನೇಬರಾ? ಎಷ್ಟು ಬಂತು ಅಂತ ಕೇಳ್ತಿದಾರೆ. ಮೂವತ್ತೊಂದು. ನಾನು ಹೇಳ್ಲಾ, ನೀವೇ ಹೇಳ್ತೀರಾ?"

ಅವನ ಕಣ್ಣಿಗೆ ಕಂಡದ್ದು ಬಿಸಿಲು, ಡಾಂಬರು, ಅಷ್ಟೇ.

"ಮೂವತ್ತೊಂದು, ಅಮ್ಮಿ," ಎಂದ. "ಆಗ ನಲವತ್ಮೂರಿತ್ತು. ನಾನು ಅರವತ್ತೆರಡು ಅಂತ ಬರ್ದೆ."

ಶಾಮಲಾ ಅವರ ನಗು ಮುಖದಲ್ಲೇ ನಿಂತುಹೋಯಿತು. ಅವರು ಅವನನ್ನು ನೋಡಿದರು, ಆಮೇಲೆ ತಾವು ಸರಿದು ಬಿಟ್ಟುಕೊಟ್ಟಿದ್ದ ಜಾಗವನ್ನು ನೋಡಿದರು.

ವಾಕರಿನ ಸದ್ದು ಮತ್ತೆ ಎದ್ದಿತು, ಬಿರುಕಿನ ಆಚೆ ಕೇಳಿಸಿತು. ಮನೆಯ ಕಡೆ ತಿರುಗದೆ, ಅವನನ್ನು ದಾಟಿ, ಪಕ್ಕದ ಬೀದಿ ಕೂಡುವ ತಿರುವಿನ ತನಕ ನಡೆದು ನಿಂತಿತು. ಅಲ್ಲಿ ನಿಂತು ತಟ್ಟತೊಡಗಿತು. ಟಕ್, ಟಕ್.

ಶಾಮಲಾ ಕ್ಲಿಪ್‌ಬೋರ್ಡಿನ ಹಾಳೆ ತಿರುವಿದರು.

"ಎಜಾಜ್, ಆ ಬೀದಿಗೆ ಎಷ್ಟು ಕೊಟ್ಟಿದೀರಿ?"