ತುಂಬದ ಗುಂಡಿ

ಬೇಕರಿಯ ಭಟ್ಟಿ ತಣ್ಣಗೆ ಕೂತಿತ್ತು. ಬ್ರೆಡ್ಡಿನ ಅಚ್ಚುಗಳನ್ನು ತೊಳೆದು ಬೋರಲು ಹಾಕಿ ಎರಡು ವಾರದ ಮೇಲಾಗಿತ್ತು. ಗಾಜಿನ ಕಪಾಟಿನಲ್ಲಿ ಒಂದು ಬನ್ನೂ ಇರಲಿಲ್ಲ. ಬಾಗಿಲ ಮೇಲೆ ಆಹಾರ ಇನ್ಸ್‌ಪೆಕ್ಟರು ಅಂಟಿಸಿ ಹೋದ ಚೀಟಿಯಿತ್ತು. ಬಾವಿಯ ನೀರಿನಲ್ಲಿ ಮಲದ ರೋಗಾಣು ಸಿಕ್ಕಿದೆ, ನೀರು ಸರಿಯಾಗುವ ತನಕ ಇಲ್ಲಿ ತಿನ್ನುವ ಪದಾರ್ಥ ಮಾಡಬಾರದು ಎಂದು ಅದರಲ್ಲಿ ಬರೆದಿತ್ತು.

ಬೇಕರಿಯ ಒಡತಿ ಹೋಗುತ್ತಾ ಬರುತ್ತಾ ಅದನ್ನು ಓದುತ್ತಿದ್ದಳು. ಓದಿದಷ್ಟೂ ರೇಗುತ್ತಿತ್ತು. ನೆಲ ಒರೆಸಿ ಒರೆಸಿ ಅವಳ ಸೊಂಟ ಬಿದ್ದುಹೋಗಿತ್ತು. ಬಾವಿಗೆ ಕಟ್ಟೆ ಕಟ್ಟಿಸಿ, ಬಾಯಿಗೆ ಜಾಲರಿ ಹಾಕಿಸಿದ್ದಳು. ಹಾಗಿದ್ದ ಮೇಲೆ ಮಲ ಎಲ್ಲಿಂದ ಬಂತು? ಟ್ಯಾಂಕರಿನಲ್ಲಿ ಬರುವ ನೀರು ಮನೆಮಂದಿ ಕುಡಿಯುವುದಕ್ಕೂ ಅಡುಗೆಗೂ ಸರಿಹೋಗುತ್ತಿತ್ತು, ಬೇಕರಿಗೆ ಉಳಿಯುತ್ತಿರಲಿಲ್ಲ. ದಿನಾ ಬನ್ನು ಒಯ್ಯುತ್ತಿದ್ದ ಅಂಗಡಿಯವರು ಒಬ್ಬೊಬ್ಬರಾಗಿ ಬೇರೆ ಬೇಕರಿ ಹಿಡಿಯುತ್ತಿದ್ದರು. ಇನ್ನೂ ಸ್ವಲ್ಪ ದಿನ ಹೀಗೇ ಆದರೆ ಮತ್ತೆ ಬಾಗಿಲು ತೆಗೆದೂ ಪ್ರಯೋಜನವಿರಲಿಲ್ಲ.

ಅವಳ ತವರುಮನೆ ದೂರದಲ್ಲಿರಲಿಲ್ಲ. ಅದೇ ಇಳಿಜಾರು ಬೀದಿಯಲ್ಲಿ, ಬೇಕರಿಯ ಹಿತ್ತಲ ಗೋಡೆಗೆ ತಾಗಿ, ಮೇಲುಗಡೆ ಇತ್ತು. ಅಪ್ಪ ಬಸ್ಸು ಓಡಿಸಿ ನಿವೃತ್ತರಾದವರು. ಬೀದಿಯವರು ಅವರನ್ನು ಕರೆಯುತ್ತಿದ್ದುದು ಪಾತಾಳ ಡ್ರೈವರ್ ಎಂದು. ಅದಕ್ಕೆ ಕಾರಣ ಅವರ ಹಿತ್ತಲಿನ ಪಾಯಿಖಾನೆ ಗುಂಡಿ. ಮನೆ ಕಟ್ಟಿದಂದಿನಿಂದ ಅದು ಒಮ್ಮೆಯೂ ತುಂಬಿರಲಿಲ್ಲ. ಪಕ್ಕದ ಬೀದಿಯವರು ಗುಂಡಿ ಬಳಿಯುವ ಲಾರಿ ಕರೆಸಿ ಮೂಗು ಮುಚ್ಚಿಕೊಂಡು ನಿಂತಾಗ ಅಪ್ಪ ತಮ್ಮ ಗುಂಡಿಯ ಚಪ್ಪಡಿಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು, "ನಮ್ದು ನೇರ ಪಾತಾಳಕ್ಕೆ ಕಣ್ರೀ!" ಎಂದು ನಗುತ್ತಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಒಬ್ಬರ ಮನೆಯ ಮಾತಾಗುತ್ತಿತ್ತು. ಬೀದಿಯಲ್ಲಿ ಯಾರೇ ಮನೆ ಕಟ್ಟಿದರೂ ಡ್ರೈವರ್ ಅಲ್ಲಿ ಹಾಜರು. "ಗುಂಡಿಗೆ ತಳ ಹಾಕಿಸಬೇಡ್ರಿ. ತಳ ಹಾಕಿದ್ರೆ ತುಂಬುತ್ತೆ. ಬರೀ ಮಣ್ಣು ಬಿಡ್ರಿ, ಜನ್ಮದಲ್ಲಿ ತುಂಬಲ್ಲ," ಎನ್ನುತ್ತಿದ್ದರು. ಹಾಗೆ ಬೀದಿಯ ಗುಂಡಿಗಳೆಲ್ಲ ತಳವಿಲ್ಲದವೇ ಆದವು. ಆದರೂ ಎಲ್ಲರೂ ಅವನ್ನು ಸೆಪ್ಟಿಕ್ ಟ್ಯಾಂಕ್ ಎಂದೇ ಕರೆಯುತ್ತಿದ್ದರು.

ಆ ಬೆಳಗ್ಗೆಯೂ ಅಪ್ಪ ಹೊಸ ಕಾರಣ ಹೊತ್ತುಕೊಂಡೇ ಇಳಿದು ಬಂದರು.

"ಕಾಗೆ ಕಣಮ್ಮ. ನನಗೆ ಹೊಳೀತು."

"ಬಾವಿಗೆ ಜಾಲರಿ ಇದೆಯಪ್ಪ."

"ಹಂಗಾದ್ರೆ ಇಲಿ."

"ಹೌದು, ಇಲಿ ಜಾಲರಿ ಎತ್ತಿ, ಹಗ್ಗ ಹಿಡ್ಕೊಂಡು ಇಳಿದು, ಕೆಲಸ ಮುಗಿಸಿ ಮತ್ತೆ ಹತ್ತಿ ಬಂದು ಜಾಲರಿ ಮುಚ್ಚುತ್ತೆ!"

"ಕೋಪ ಮಾಡ್ಕೊಂಡ್ರೆ ನೀರು ಸರಿಹೋಗುತ್ತಾ? ಆ ಇನ್ಸ್‌ಪೆಕ್ಟರು ಬಾಟ್ಲಿನೇ ತೊಳೆದಿರಲ್ಲ."

ಖಾಲಿ ಭಟ್ಟಿಯ ಬೂದಿ ಬಳಿಯುತ್ತಿದ್ದ ಅಳಿಯ ಮೆಲ್ಲಗೆ ಬಾಯಿಬಿಟ್ಟ. "ಮಾವ, ನಮ್ಮ ಬಾವಿ ಮೇಲುಗಡೇನೇ ನಿಮ್ಮ ಗುಂಡಿ ಇದೆಯಲ್ಲ, ಅದೇನಾದ್ರೂ..."

"ನನ್ನ ಗುಂಡಿನಾ? ಅದು ತುಂಬೇ ಇಲ್ಲ ಅಂತೀನಿ! ತುಂಬದೇ ಇರೋದು ಉಕ್ಕುತ್ತೇನ್ರೀ ಅಳಿಯಂದ್ರೆ?"

ಅಳಿಯ ಮತ್ತೆ ಬೂದಿ ಬಳಿಯತೊಡಗಿದ. ಮಗಳು ಹಣೆ ಹಣೆ ಚಚ್ಚಿಕೊಂಡಳು. ಅಪ್ಪನ ಮಾತಿನಲ್ಲಿ ಎಲ್ಲೋ ತಪ್ಪಿದೆ ಎಂದು ಅವಳಿಗೆ ಗೊತ್ತಿತ್ತು. ಎಲ್ಲಿ ಎಂದು ತೋರಿಸಲು ಬರುತ್ತಿರಲಿಲ್ಲ.

ಅವಳ ಜೊತೆ ಓದಿದ ಗೆಳತಿಯೊಬ್ಬಳು ಊರ ಕಚೇರಿಯಲ್ಲಿ ನೀರು ಮತ್ತು ಚರಂಡಿ ವಿಭಾಗದ ಇಂಜಿನಿಯರಾಗಿದ್ದಳು. ಬೀದಿಯ ಕೊಳಚೆ ನೀರಿಗೆ ಒಂದು ದಾರಿ ಮಾಡೋಣ ಎಂದು ಆಕೆ ಶಾಲೆಯ ಸಭಾಂಗಣದಲ್ಲಿ ಎರಡು ಸಲ ಸಭೆ ಕರೆದಿದ್ದಳು. ಮೊದಲ ಸಭೆ, ಯಾರು ಯಾರು ಬಂದಿಲ್ಲ ಎಂದು ಬಂದವರು ಬೈಯುವುದರಲ್ಲಿ ಮುಗಿದಿತ್ತು. ಎರಡನೆಯದರಲ್ಲಿ ಬೀದಿ ತುದಿಯ ಟೈಲರ್, "ಮಾಡೋದಾದ್ರೆ ಪಟ್ಟಣದಲ್ಲಿರೋ ಥರ ನೀರು ಶುದ್ಧಿ ಮಾಡೋ ಯಂತ್ರಾನೇ ಹಾಕಿ, ಇಲ್ಲಾಂದ್ರೆ ಬೇಡ," ಎಂದು ಪಟ್ಟು ಹಿಡಿದು ಕೂತಿದ್ದ. ಈಗ ಮೂರನೆಯ ಸಭೆ. ಬೇಕರಿಯ ಒಡತಿ ಅಪ್ಪನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದಳು.

ಇಂಜಿನಿಯರು ಕರಿಹಲಗೆಯ ಮೇಲೆ ಬೀದಿಯ ಚಿತ್ರ ಬರೆದಳು. "ಟೈಲರಣ್ಣ, ಮೊದಲು ನಿಮ್ಮ ಯಂತ್ರದ ಮಾತೇ ಆಡೋಣ. ಅದಕ್ಕೆ ಹಗಲೂ ರಾತ್ರಿ ಕರೆಂಟ್ ಬೇಕು, ನೋಡ್ಕೊಳ್ಳೋಕೆ ಕೆಲಸ ಕಲಿತವರು ಬೇಕು. ಸಾವಿರಾರು ಮನೆ ಇರೋ ಕಡೆ ಸರಿ. ನಮ್ಮ ಮೂವತ್ತು ಮನೆಗೆ ಹಾಕಿದ್ರೆ ಮೋಟಾರ್ ಕೆಟ್ಟ ದಿನ ಎಲ್ಲಾ ಹಳ್ಳಕ್ಕೆ."

"ಹಂಗಾದ್ರೆ ಏನೂ ಬೇಡ ಬಿಡಿ," ಎಂದ ಟೈಲರ್.

"ಪೂರ್ತಿ ಕೇಳ್ರೀ ಸ್ವಲ್ಪ! ಇನ್ನೊಂದು ದಾರಿ ಅಂದ್ರೆ ಜೋಡಿ ಗುಂಡಿ. ಒಂದು ತುಂಬಿದ್ರೆ ಮುಚ್ಚಿ ಇನ್ನೊಂದಕ್ಕೆ ತಿರುಗಿಸೋದು. ಮುಚ್ಚಿದ್ದು ಎರಡು ವರ್ಷದಲ್ಲಿ ಮಣ್ಣಿನ ಥರ ಗೊಬ್ಬರ ಆಗುತ್ತೆ. ಮನೆಗಳು ದೂರ ದೂರ ಇದ್ದು, ಬಾವಿ ಹತ್ರ ಇಲ್ದೆ, ನೆಲದ ನೀರು ಆಳದಲ್ಲಿದ್ರೆ ಅದು ತುಂಬಾ ಒಳ್ಳೇದು. ಆದ್ರೆ ನಮ್ಮಲ್ಲಿ ಒಬ್ಬರ ಗುಂಡಿ ಪಕ್ಕದಲ್ಲೇ ಇನ್ನೊಬ್ಬರ ಬಾವಿ. ಕೆಳಗೆ ಬಿರುಕು ಬಿಟ್ಟ ಬಂಡೆ. ಇಲ್ಲಿ ಆಗಲ್ಲ."

"ಮತ್ತೆ ಆಗೋದು ಯಾವ್ದಮ್ಮಾ?" ಎಂದಳು ಬೀದಿಯಲ್ಲಿ ಹಾಲಿನ ಡೈರಿ ನಡೆಸುವಾಕೆ.

"ಮನೆಮನೆಗೂ ತಳ, ಗೋಡೆ ಎರಡೂ ಭದ್ರವಾಗಿರೋ ಎರಡು ಕೋಣೆಯ ಟ್ಯಾಂಕು. ಗಟ್ಟಿ ಕೊಳೆ ಅಲ್ಲೇ ಕೂರುತ್ತೆ. ಮೇಲಿನ ನೀರು ಸಣ್ಣ ಪೈಪಲ್ಲಿ ಬೀದಿ ತುದಿಗೆ ಹೋಗುತ್ತೆ. ಅಲ್ಲಿ ಜಲ್ಲಿ ತುಂಬಿದ ಒಂದು ದೊಡ್ಡ ತೊಟ್ಟಿ, ಅದರ ಮೇಲೆ ಜೊಂಡು ಬೆಳೆಸೋದು. ನೀರು ಜಲ್ಲಿ ಒಳಗೇ, ಬೇರಿನ ಸಂದೀಲಿ ಹರಿದು ಸೋಸಿ ಬರುತ್ತೆ. ಕುಡಿಯೋಕಲ್ಲ, ಆದ್ರೆ ಮರಗಿಡಕ್ಕೆ ಬಿಡಬಹುದು. ಇಳಿಜಾರಿದೆ, ಮೋಟಾರ್ ಬೇಡ."

ಪಾತಾಳ ಡ್ರೈವರ್ ಎದ್ದು ನಿಂತರು. "ತಳ ಹಾಕಿದ್ರೆ ತುಂಬಲ್ವೇನಮ್ಮಾ?"

"ತುಂಬಬೇಕು ಅಂಕಲ್. ತುಂಬೋದೇ ಅದರ ಕೆಲಸ. ಎರಡು ಮೂರು ವರ್ಷಕ್ಕೊಮ್ಮೆ ಲಾರಿ ಕರೆಸಿ ಬಳಿಸಬೇಕು. ನಿಮ್ಮದು ತುಂಬಿಲ್ಲ ಅಂತೀರಲ್ಲ, ಇಷ್ಟು ವರ್ಷ ಹೋಗಿದ್ದೆಲ್ಲ ಎಲ್ಲಿಗೆ ಹೋಯ್ತು?"

"ಪಾತಾಳಕ್ಕೆ!"

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಇಂಜಿನಿಯರು ನಗಲಿಲ್ಲ. "ಬಾವಿ ನೀರು ಬರೋದೂ ಅಲ್ಲಿಂದಾನೇ ಅಲ್ವಾ ಅಂಕಲ್?"

ನಗು ಅರ್ಧಕ್ಕೇ ನಿಂತಿತು. ಆದರೆ ಅಷ್ಟರಲ್ಲಿ ಯಾರೋ, ಜೊಂಡಿನ ತೊಟ್ಟಿ ಯಾರ ಮನೆಯ ಪಕ್ಕ ಬರುತ್ತದೆ ಎಂದು ಕೇಳಿದರು. ತನ್ನ ಗೋಡೆಯ ಪಕ್ಕ ಎಂದು ತಿಳಿದದ್ದೇ ತಡ, ಟೈಲರ್ ಕುರ್ಚಿ ಸರಿಸಿ ಎದ್ದ. "ಊರಿನ ವಾಸನೆಯೆಲ್ಲ ನಾನೊಬ್ನೇ ಕುಡೀಬೇಕಾ?" ಎಂದು ಹೊರಟೇಹೋದ. ಹಿಂದೆಯೇ ಉಳಿದವರೂ ಎದ್ದರು. ಸಭೆ ಮುಗಿಯಿತು. ಬೇಕರಿಯ ಒಡತಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ದಾರಿಯಲ್ಲಿ ಅವಳು ಅಪ್ಪನ ಎದುರಿಗೇ ಗೆಳತಿಯನ್ನು ಹಿಡಿದು ನಿಲ್ಲಿಸಿದಳು. "ನೋಡೇ, ನನಗೆ ವಾದ ಮಾಡಿ ಮಾಡಿ ಗಂಟಲು ಹೋಗಿದೆ. ಕಣ್ಣಿಗೆ ಕಾಣೋ ಹಾಗೆ ತೋರಿಸೋ ದಾರಿ ಏನಾದ್ರೂ ಇದ್ಯಾ?"

"ಇದೆ. ನೀರನ್ನ ಹಸಿರು ಮಾಡೋ ಬಣ್ಣದ ಪುಡಿ ಇದೆ, ವಿಷ ಅಲ್ಲ. ಅಂಕಲ್ ಮನೆ ಪಾಯಿಖಾನೆಗೆ ಹಾಕಿ ನೀರು ಬಿಡೋದು, ನಿನ್ನ ಬಾವೀಲಿ ಕಾಯೋದು. ಬಣ್ಣ ಬಂದ್ರೆ ದಾರಿ ಇದೆ ಅಂತ ಅರ್ಥ."

"ಬರದೇ ಇದ್ರೆ?" ಎಂದರು ಡ್ರೈವರ್.

"ಬರದೇ ಇದ್ರೆ ದಾರಿ ಇಲ್ಲ ಅಂತ ಹೇಳೋಕಾಗಲ್ಲ. ಇನ್ನೊಂದು ಪರೀಕ್ಷೆ ಮಾಡ್ಬೇಕು."

"ಅದೆಲ್ಲ ಬೇಡ. ಬರದೇ ಇದ್ರೆ ಇಬ್ಬರೂ ನನ್ನ ಗುಂಡಿ ಸುದ್ದಿಗೆ ಬರಕೂಡದು. ತಾ ಇಲ್ಲಿ, ನಾನೇ ಹಾಕ್ತೀನಿ."

ಪುಡಿಯನ್ನು ಅವರೇ ಹಾಕಿದರು. ಸಾಲದೆಂದು ಎರಡು ಬಕೆಟ್ ನೀರು ಹೆಚ್ಚಾಗಿಯೇ ಸುರಿದರು. ಮರುದಿನದಿಂದ ಬೆಳಗಾಗುವುದೇ ತಡ, ಮಗಳ ಬಾವಿಯ ಕಟ್ಟೆಯ ಮೇಲೆ ಹಾಜರು. ನೀರು ಸೇದಿ, ಬೊಗಸೆಯಲ್ಲಿ ಎತ್ತಿ ತೋರಿಸುವುದು. "ಬಾರಮ್ಮ, ನೋಡು! ಕನ್ನಡಿ ಕನ್ನಡಿ! ಎಲ್ಲಿ ನಿನ್ನ ಇಂಜಿನಿಯರು?" ಮಗಳು ಹಲ್ಲು ಕಚ್ಚಿಕೊಂಡು ಒಳಗೆ ಹೋಗುವಳು. ದಿನಗಳು ಕಳೆದವು. ಕನ್ನಡಿಯ ಮಾತು ಕೇಳಿ ಕೇಳಿ ಅಳಿಯನಿಗೂ ತಲೆ ಚಿಟ್ಟು ಹಿಡಿಯಿತು.

ಒಂದು ಬೆಳಗ್ಗೆ ಹಿತ್ತಲಿನಿಂದ ಅಪ್ಪನ ಕೂಗು ಕೇಳಲಿಲ್ಲ. ರಾಟೆ ಮಾತ್ರ ಕಿರುಗುಡುತ್ತಿತ್ತು. ಸೇದುವುದು, ಚೆಲ್ಲುವುದು, ಮತ್ತೆ ಸೇದುವುದು. ಮಗಳು ಬಂದು ನೋಡಿದಳು. ಕಟ್ಟೆಯ ಸುತ್ತ ನೆಲವೆಲ್ಲ ತೊಯ್ದಿತ್ತು.

"ಏನಪ್ಪ ಮಾಡ್ತಿದ್ದೀಯ?"

"ಏನಿಲ್ಲ. ಈ ಬಕೆಟ್ ಬಣ್ಣ ಬಿಡ್ತಾ ಇದೆ ಅನ್ಸುತ್ತೆ."

"ಬಕೆಟ್ ನೀಲಿ, ಅಪ್ಪ. ನೀರು ಹಸಿರಾಗಿದೆ."

"ಹಳೇ ಬಕೆಟ್ಟು..."

"ಅಪ್ಪಾ!"

ಅವಳು ಒಳಗೆ ಹೋಗಿ ಹಿಟ್ಟು ನಾದುವ ಬಿಳಿ ಬೇಸಿನ್ನು ತಂದು ಅವರ ಮುಂದೆ ಕುಕ್ಕಿದಳು. ಡ್ರೈವರ್ ಮತ್ತೊಮ್ಮೆ ಸೇದಿ ಅದಕ್ಕೆ ಸುರಿದರು. ಬಿಳಿಯ ಮೇಲೆ ಹಸಿರು ಹೊಳೆಯಿತು.

"ಈ ನೀರಲ್ಲೇ ಹಿಟ್ಟು ಕಲಸ್ತಿದ್ದೆಯಾ?" ಎಂದು ಅಪ್ಪ ಕೇಳಿದರು.

"ಮತ್ತಿನ್ಯಾವ ನೀರಲ್ಲಿ? ಹಿಟ್ಟು ಇದರಲ್ಲೇ, ತಟ್ಟೆ ತೊಳೆದಿದ್ದು ಇದರಲ್ಲೇ, ಕ್ರೀಮ್ ಕಡೆಯೋ ಪಾತ್ರೆ ಇದರಲ್ಲೇ. ನೀನು ಸಂಜೆ ಸಂಜೆ ಬಂದು ಎರಡೆರಡು ಕ್ರೀಮ್ ಬನ್ ತಿಂತಿದ್ದೆಯಲ್ಲ, ಅದೂ ಇದರದ್ದೇ."

ಡ್ರೈವರ್ ಬಾಯಿ ಒರೆಸಿಕೊಂಡರು. ಕಟ್ಟೆಯ ಮೇಲೆ ಕೂತರು. ಮಗಳ ಮುಖ ನೋಡದೆ, "ನಿನ್ನ ಅಂಗಡಿ ಬಾಗಿಲು ಹಾಕ್ಸಿದ್ದು ನಾನಾ ಹಂಗಾದ್ರೆ?" ಎಂದರು.

ಎಷ್ಟೋ ದಿನದಿಂದ ಬಾಯಿಗೆ ಬಂದಿದ್ದ ಮಾತುಗಳೆಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು. ಒಂದನ್ನೂ ಆಡಲಿಲ್ಲ. "ನಿನ್ನ ಗುಂಡಿ ಒಂದೇ ಸರಿಮಾಡಿದ್ರೆ ಸಾಲಲ್ಲ ಅಪ್ಪ," ಎಂದಳು. "ಮೇಲುಗಡೆ ಅಷ್ಟೂ ಮನೆಯದ್ದು ಇಲ್ಲಿಗೇ ಇಳಿಯುತ್ತೆ. ಎಲ್ಲರೂ ಒಪ್ಪಬೇಕು."

ನಾಲ್ಕನೆಯ ಸಭೆಗೆ ಡ್ರೈವರ್ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಇಂಜಿನಿಯರು ಬಾಯಿ ತೆರೆಯುವ ಮೊದಲೇ ಎದ್ದರು.

"ಮಗಳ ಬಾವಿ ಕೆಡಿಸಿದ್ದು ಕಾಗೆ ಅಲ್ಲ, ಇಲಿ ಅಲ್ಲ. ನಾನು."

ಹಿಂದಿನಿಂದ ಕಿಸಕ್ಕೆಂದ ಸದ್ದು ಬಂತು.

"ನಗ್ರಿ, ನಗ್ರಿ. ನಿಮ್ಮನೆ ಗುಂಡಿಗೂ ತಳ ಇಲ್ಲ. ನನಗೆ ಗೊತ್ತು, ಹಾಕ್ಸಬೇಡಿ ಅಂದೋನು ನಾನೇ! ಡೈರಿಯಮ್ಮ, ನಿಮ್ಮ ಮೊಮ್ಮಗನಿಗೆ ಪದೇ ಪದೇ ಭೇದಿ ಅಂತೀರಲ್ಲ, ನಿಮ್ಮ ಬಾವಿ ಮೇಲುಗಡೆ ಯಾರ ಗುಂಡಿ ಇದೆ ನೋಡಿದ್ದೀರಾ?"

ಡೈರಿಯಾಕೆ ತಿರುಗಿ ಪಕ್ಕದ ಮನೆಯವರನ್ನು ನೋಡಿದಳು. ಅವರು ನೆಲ ನೋಡಿದರು.

ಎಲ್ಲವೂ ಅಂದೇ ಸುಸೂತ್ರವಾಯಿತು ಎಂದು ಬರೆದರೆ ಸುಳ್ಳಾದೀತು. ಟೈಲರ್ ಆಗಲೂ ಒಪ್ಪಲಿಲ್ಲ. ಇಂಜಿನಿಯರು ಅವನನ್ನೂ ಇನ್ನೂ ಕೆಲವರನ್ನೂ ಹತ್ತಿರದ ಇನ್ನೊಂದು ಊರಿಗೆ ಕರೆದೊಯ್ದು ಅಲ್ಲಿನ ಜೊಂಡಿನ ತೊಟ್ಟಿ ತೋರಿಸಬೇಕಾಯಿತು. ಟೈಲರ್ ಬಗ್ಗಿ ಬಗ್ಗಿ ಮೂಸಿ ನೋಡಿದ. ನೀರು ಜಲ್ಲಿಯ ಕೆಳಗೇ ಹರಿಯುವುದರಿಂದ ವಾಸನೆಯೂ ಇರಲಿಲ್ಲ, ಸೊಳ್ಳೆಯೂ ಇರಲಿಲ್ಲ. "ನಮ್ಮ ಮೋರಿನೇ ಇದಕ್ಕಿಂತ ನಾರುತ್ತೆ," ಎಂದು ಗೊಣಗುತ್ತಲೇ ಒಪ್ಪಿದ. ಪೈಪು ಮತ್ತು ತೊಟ್ಟಿಯನ್ನು ಊರ ಕಚೇರಿ ವಹಿಸಿಕೊಂಡಿತು. ಟ್ಯಾಂಕು ಆಯಾ ಮನೆಯವರದ್ದಾಯಿತು. ಮೊದಲ ಟ್ಯಾಂಕು ಎದ್ದದ್ದು ಡ್ರೈವರ್ ಹಿತ್ತಲಿನಲ್ಲಿ. ಆಮೇಲೆ ಅವರು ಮನೆಮನೆಗೂ ಹೋಗಿ, "ತಳಕ್ಕೆ ಎಷ್ಟು ದಪ್ಪ ಹಾಕಿಸ್ತಿದ್ದೀರಿ?" ಎಂದು ಗಾರೆಯವರ ತಲೆ ತಿನ್ನತೊಡಗಿದರು.

ಹಳೆಯ ಗುಂಡಿಗಳನ್ನು ಲಾರಿಯಿಂದ ಬಳಿಸಿ ಮುಚ್ಚಿದ ಮೇಲೂ ಬಾವಿ ಬೇಗ ಸರಿಹೋಗಲಿಲ್ಲ. ಎರಡು ಸಲ ನೀರನ್ನೆಲ್ಲ ಹೊರಹಾಕಿ ಶುದ್ಧಿ ಮಾಡಬೇಕಾಯಿತು. ಒಂದು ಪರೀಕ್ಷೆ ಮತ್ತೆ ಕೆಟ್ಟದಾಗಿಯೇ ಬಂತು. ಮುಂದಿನದು ಸರಿಬಂತು. ಇನ್ಸ್‌ಪೆಕ್ಟರು ಒಪ್ಪಿದ ದಿನ ಅಳಿಯ ಭಟ್ಟಿ ಹಚ್ಚಿದ. ಬಿಟ್ಟುಹೋದ ಅಂಗಡಿಯವರಲ್ಲಿ ಅರ್ಧದಷ್ಟು ಜನ ಮಾತ್ರ ಮರಳಿ ಬಂದರು. ಉಳಿದವರು ಇವತ್ತಿಗೂ ಬಂದಿಲ್ಲ.

ಓದುತ್ತಿರುವವರೇ, ಕೇಳುತ್ತಿರುವವರೇ, ಈ ಬೀದಿಗೆ ಒಪ್ಪಿದ್ದೇ ನಿಮ್ಮ ಊರಿಗೂ ಒಪ್ಪುತ್ತದೆ ಎಂದು ನಾವು ಹೇಳುತ್ತಿಲ್ಲ. ನಿಮ್ಮಲ್ಲಿ ಜೋಡಿ ಗುಂಡಿಯೇ ಸಾಕಾಗಬಹುದು. ಮನೆಗಳು ಬಹಳವಿದ್ದರೆ ಯಂತ್ರದ ಘಟಕವೇ ಬೇಕಾಗಬಹುದು. ಅದು ನಿಮ್ಮ ಮಣ್ಣು, ನೆಲದ ನೀರು, ಇಳಿಜಾರು, ಮನೆಗಳ ನಡುವಿನ ಅಂತರ ನೋಡಿ ತೀರ್ಮಾನವಾಗಬೇಕು. ಆ ತೀರ್ಮಾನ ನಿಮ್ಮನ್ನು ಬಿಟ್ಟು ಆಗಬಾರದು. ನಿಮ್ಮ ಗುಂಡಿ ಕಟ್ಟಿದವರನ್ನು ಹುಡುಕಿ, ತಳ ಹಾಕಿದ್ದಾರೋ ಇಲ್ಲವೋ ಕೇಳಿ. ಅದರಿಂದ ಹತ್ತಿರದ ಬಾವಿಗೆ ಎಷ್ಟು ದೂರವಿದೆ ಅಳೆಯಿರಿ. ಹದಿನೈದು ಮೀಟರಿಗಿಂತ ಕಡಿಮೆಯಿದ್ದರೆ, ಅಥವಾ ನೆಲದಡಿ ಬಂಡೆಯಿದ್ದರೆ, ನೀರು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕುಡಿಯುವ ನೀರನ್ನು ಕುದಿಸಿ. ಗುಂಡಿಯ ಮುಚ್ಚಳ ತೆಗೆದು ಬಗ್ಗಿ ನೋಡಬೇಡಿ, ಯಾರನ್ನೂ ಒಳಗಿಳಿಸಬೇಡಿ. ಅಲ್ಲಿನ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. ಬಳಿಯಲು ಲಾರಿಯನ್ನೇ ಕರೆಸಿ. ಬಳಿದದ್ದನ್ನು ಎಲ್ಲಿ ಸುರಿಯುತ್ತೀರಿ ಎಂದು ಲಾರಿಯವರನ್ನು ಕೇಳಲು ಸಂಕೋಚ ಬೇಡ.

ಊರ ಕಚೇರಿ ಸಭೆ ಕರೆದರೆ ಹೋಗಿ. ಕರೆಯದಿದ್ದರೆ ನೀವೇ ನಾಲ್ಕು ಮನೆಯವರು ಸೇರಿ ಹೋಗಿ ಕರೆಸಿ. ಬೇಸರವಾಗುತ್ತದೆ, ಜಗಳವಾಗುತ್ತದೆ, ಯಾರಾದರೂ ಒಬ್ಬರು ಎದ್ದು ಹೋಗುತ್ತಾರೆ. ನೀವು ಏಳಬೇಡಿ. ನಿಮ್ಮ ಗುಂಡಿಯ ಕೆಳಗಿನ ಮನೆಯವರು ಈ ಹೊತ್ತಿನಲ್ಲಿ ಬಾವಿಗೆ ಬಕೆಟ್ ಇಳಿಬಿಡುತ್ತಿರಬಹುದು.