ಒಲೆಯ ಮೇಲಿನ ಟಯರು

ದೇರಣ್ಣನ ಲಾರಿಗೆ ದೇರಣ್ಣನೇ ಧಣಿ, ದೇರಣ್ಣನೇ ಡ್ರೈವರ್. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿನಲ್ಲಿ ಮಾರಿದ ಗಾಡಿ, ನಾಲ್ಕು ಕೈ ದಾಟಿ ಅರಂತೋಡಿಗೆ ಬಂದದ್ದು. ಅದಕ್ಕೆ ಮೊದಲು ಅವನು ಎಂಟು ವರ್ಷ ಪುತ್ತೂರಿನ ಸಾಹುಕಾರರೊಬ್ಬರ ಬಸ್ಸು ಓಡಿಸಿದ್ದ. ಸಂಜೆ ಅವರ ಮನೆಗೆ ಹೋಗಿ, ಬಸ್ಸಿನ ಇಂಜಿನ್ ತಿರುಗಿಸುವ ಹ್ಯಾಂಡಲನ್ನು ಜಗಲಿಯ ಮೇಲಿಟ್ಟು, ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲಬೇಕು. ಅವರು ‘ಹೋಗು’ ಎನ್ನುವವರೆಗೆ ಹೋಗುವಂತಿಲ್ಲ. ಕೆಲವು ಸಲ ಊಟ ಮುಗಿಸಿ ಕೈತೊಳೆದ ಮೇಲೆ ಅದನ್ನು ಹೇಳುತ್ತಿದ್ದರು. ತನ್ನದೇ ಲಾರಿ ಬಂದ ದಿನ ದೇರಣ್ಣ ಅದರ ಹ್ಯಾಂಡಲನ್ನು ತಲೆದಿಂಬಿನ ಪಕ್ಕದಲ್ಲಿಟ್ಟು ಮಲಗಿದ.

ಲಾರಿಯ ಕ್ಲೀನರ್ ಅವನ ಹೆಂಡತಿ ಪೂವಮ್ಮನ ತಮ್ಮ ಡೊಂಬಯ್ಯ. ವಯಸ್ಸು ಇಪ್ಪತ್ತೆಂಟು. ತಾಯಿ ಸತ್ತಾಗ ಅವನಿಗೆ ಎರಡು ವರ್ಷ, ಪೂವಮ್ಮನಿಗೆ ಹತ್ತು. ಕಡಬದ ಮನೆಯಲ್ಲಿ ಅವನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ಅವಳು. ಮದುವೆಯಾಗಿ ಬರುವಾಗ ಅವನನ್ನೂ ಕರೆದುಕೊಂಡು ಬಂದಳು. ಅವಳಿಗೆ ಮಕ್ಕಳಾಗಲಿಲ್ಲ. ಹೆರದೆಯೇ ಒಂದನ್ನು ಸಾಕಿದ್ದಾಳಲ್ಲ, ಸಾಕು ಎಂದು ಊರವರು ಹೇಳುತ್ತಿದ್ದರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡಿನ ದಾರಿಯಲ್ಲಿ ಚಕ್ರ ಓಡುವುದಿಲ್ಲ. ಮರ ಸಾಗಿಸುವ ಲಾರಿಗಳನ್ನು ಆ ನಾಲ್ಕು ತಿಂಗಳು ಕೆಂಪು ಕಲ್ಲುಗಳ ಮೇಲೆ ಎತ್ತಿ ನಿಲ್ಲಿಸಿ, ಟಯರು ಬಿಚ್ಚಿ ಒಳಗಿಡುತ್ತಾರೆ. ಐವತ್ತೆಂಟನೆಯ ಇಸವಿಯ ಬೇಸಗೆಯಲ್ಲಿ ದೇರಣ್ಣನಿಗೆ ಎದುರಿನ ಚಕ್ರಗಳಿಗೆ ಎರಡು ಹೊಸ ಟಯರು ಸಿಕ್ಕಿತ್ತು. ಅವುಗಳಿಗಾಗಿ ಅವನು ಏಳು ತಿಂಗಳು ಮಂಗಳೂರಿಗೆ ಅಲೆದಿದ್ದ. ಹಿಂದಿನ ನಾಲ್ಕು ಹಳೆಯವು. ಅವನ್ನು ಪ್ರತಿ ವರ್ಷದಂತೆ ಹಟ್ಟಿಯ ಮೂಲೆಯಲ್ಲಿ ದನಗಳ ಹತ್ತಿರ ಒರಗಿಸಿದರು.

“ಹೊಸತನ್ನು ಹಟ್ಟಿಯಲ್ಲಿ ಇಡುದು ಬೇಡ,” ಎಂದಳು ಪೂವಮ್ಮ. “ಹೆಗ್ಗಣ ಉಂಟು, ತಂಡಿ ಉಂಟು. ಒಲೆಯ ಮೇಲಿನ ಅಟ್ಟಕ್ಕೆ ಹಾಕುವ.”

“ಅಕ್ಕ, ಅದು ಟಯರು. ಹಲಸಿನ ಹಪ್ಪಳ ಅಲ್ಲ,” ಎಂದ ಡೊಂಬಯ್ಯ.

“ನೀನು ಎತ್ತಿ ಕೊಟ್ಟರೆ ಸಾಕು. ನನಗೂ ಬುದ್ಧಿ ಉಂಟು.”

“ಉಂಟು. ಅದನ್ನೂ ಜೋಪಾನವಾಗಿ ಅಟ್ಟದಲ್ಲೇ ಇಟ್ಟಿದ್ದಿ.”

ಅವಳು ಸೌಟು ಎತ್ತಿದಳು. ಅವನು ಟಯರು ಎತ್ತಿದ.

ಅವಳ ಮಾತು ತಪ್ಪೆಂದು ದೇರಣ್ಣನಿಗೂ ಅನ್ನಿಸಲಿಲ್ಲ. ಮಳೆಗಾಲದಲ್ಲಿ ಕೆಡಬಾರದ್ದೆಲ್ಲ ಈ ಕಡೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟಕ್ಕೇ ಹೋಗುತ್ತದೆ: ಬಿತ್ತನೆಯ ಬೀಜ, ಕರಿಮೆಣಸು, ಹಪ್ಪಳ, ಹುಣಸೆಹಣ್ಣು. ಹೊಗೆ ತಾಗಿದ್ದಕ್ಕೆ ಹುಳ ಹಿಡಿಯುವುದಿಲ್ಲ, ಬೂಸ್ಟು ಬರುವುದಿಲ್ಲ. ಅಟ್ಟದಲ್ಲಿ ಎರಡಕ್ಕೆ ಮಾತ್ರ ಜಾಗವಿತ್ತು. ಆ ಎರಡೂ ಟಯರು ನೇರ ಒಲೆಯ ನೆತ್ತಿಯ ಮೇಲೆ ಕೂತವು. ಅನ್ನ, ಸಾರು, ದನಗಳಿಗೆ ಬೇಯಿಸುವ ಮಡ್ಡಿ, ಸ್ನಾನದ ನೀರು ಎಂದು ಆ ಒಲೆ ನಾಲ್ಕು ತಿಂಗಳು ಉರಿಯಿತು.

ನವರಾತ್ರಿಯ ಹೊತ್ತಿಗೆ ಟಯರು ಇಳಿಸಿದರು. ಮಸಿ ಒರೆಸುವಾಗ ಅಂಚಿನ ಹತ್ತಿರ ಕೂದಲೆಳೆಯಂಥ ಗೆರೆಗಳು ದೇರಣ್ಣನ ಕಣ್ಣಿಗೆ ಬಿದ್ದವು. ಬೆರಳಿನಿಂದ ಉಜ್ಜಿದ. ಆಳವಿದ್ದಂತೆ ಕಾಣಲಿಲ್ಲ. ಪೂವಮ್ಮ ಒಂದು ಬಟ್ಟೆಯಲ್ಲಿ ತೆಂಗಿನೆಣ್ಣೆ ಅದ್ದಿ ತಂದು ಎರಡನ್ನೂ ತಿಕ್ಕಿದಳು. ಗೆರೆ ಮಾಯವಾಯಿತು. ಟಯರು ಹೊಸತಕ್ಕಿಂತ ಹೊಸತಾಗಿ ಹೊಳೆಯಿತು.

“ನೋಡಿ,” ಎಂದಳು ಅವಳು. “ನಿಮ್ಮ ಹಟ್ಟಿಯದ್ದನ್ನೂ ನೋಡಿ.”

ಹಟ್ಟಿಯ ಟಯರುಗಳಿಗೆ ಸೆಗಣಿ ಮೆತ್ತಿತ್ತು. ಒಂದರ ಅಂಚನ್ನು ಹೆಗ್ಗಣ ಕಚ್ಚಿತ್ತು.

ಆಯುಧಪೂಜೆಗೆ ಕುಂಬಳಕಾಯಿ ಒಡೆದರು. ಚಕ್ರಗಳ ಅಡಿಗೆ ಲಿಂಬೆಹಣ್ಣು ಇಟ್ಟರು. ಅರಂತೋಡಿನ ಮೇಲಿನ ಕಾಡಿನಿಂದ ಪುತ್ತೂರಿನ ಮರದ ಮಿಲ್ಲಿಗೆ ದಿಮ್ಮಿ ಸಾಗಿಸುವ ಕೆಲಸ ಸಿಕ್ಕಿತ್ತು. ಎರಡು ಟ್ರಿಪ್ಪು ಚೆನ್ನಾಗಿ ಹೋಯಿತು.

ಮೂರನೆಯ ಟ್ರಿಪ್ಪಿನ ದಿನ ಬೆಳಿಗ್ಗೆ ಸುಳ್ಯದಲ್ಲಿ ಚಾ ಕುಡಿದರು. ಹೊರಡುವ ಮೊದಲು ಡೊಂಬಯ್ಯ ಬಗ್ಗಿ ಟಯರು ಮೂಸಿದ.

“ಭಾವ, ಅಕ್ಕನ ಟಯರು ಈಗಲೂ ಹಪ್ಪಳದ ವಾಸನೆ ಬರ್ತದೆ. ನೋಡಿದರೆ ಹಸಿವಾಗ್ತದೆ.”

“ಈಗ ಮೂರು ಬನ್ಸ್ ತಿಂದಿದ್ದಿ.”

“ಅದು ಹೊಟ್ಟೆಗೆ. ಇದು ಮೂಗಿಗೆ.”

ಆ ಲಾರಿಯ ಬ್ರೇಕು ನಂಬುವಂಥದ್ದಲ್ಲ. ಆಗಿನ ಯಾವ ಹಳೆಯ ಲಾರಿಯದ್ದೂ ಅಲ್ಲ. ಇಳಿಜಾರು ಬಂದಾಗ ಕ್ಲೀನರ್ ಒಂದು ಮರದ ತುಂಡು ಹಿಡಿದು ಎಡಬದಿಯ ಮೆಟ್ಟಿಲಿನ ಮೇಲೆ ನಿಲ್ಲಬೇಕು. ಡ್ರೈವರ್ ‘ಕೊಡು’ ಎಂದು ಕೂಗಿದರೆ ಕೆಳಗೆ ಹಾರಿ ತುಂಡನ್ನು ಚಕ್ರದ ಅಡಿಗೆ ಕೊಡಬೇಕು. ಡೊಂಬಯ್ಯ ಈ ಕೆಲಸದಲ್ಲಿ ಜಾಣ. ಕೂಗು ಮುಗಿಯುವ ಮೊದಲೇ ಅವನು ನೆಲದ ಮೇಲಿರುತ್ತಿದ್ದ.

ಪುತ್ತೂರಿಗೆ ಇನ್ನು ಏಳೆಂಟು ಮೈಲು ಇರುವಾಗ, ಒಂದು ಇಳಿಜಾರಿನ ಮಧ್ಯದಲ್ಲಿ, ಎದುರಿನ ಎಡಗಡೆಯ ಟಯರು ಒಡೆಯಿತು. ಕಲ್ಲುಕೋರೆಯಲ್ಲಿ ಮದ್ದು ಸಿಡಿದ ಹಾಗೆ ಶಬ್ದ. ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಎಡಕ್ಕೆ ತಿರುಗಿತು. ದೇರಣ್ಣ ಅಭ್ಯಾಸದಿಂದ “ಕೊಡು” ಎಂದು ಕೂಗಿದ. ಆ ಹೊತ್ತಿಗೆ ಕೂಗಬೇಕಾಗಿದ್ದ ಮಾತು ಅದಲ್ಲ. ಡೊಂಬಯ್ಯ ಮರದ ತುಂಡು ಹಿಡಿದು ಚಕ್ರದ ಕಡೆಗೆ ಹಾರಿದ. ಲಾರಿ ಎಡಕ್ಕೆ ವಾಲಿತು. ಹಗ್ಗ ಕಡಿದು ಮೇಲಿನ ನಾಲ್ಕು ದಿಮ್ಮಿಗಳು ಅವನ ಮೇಲೆ ಬಿದ್ದವು.

ದಿಮ್ಮಿ ಸರಿಸಲು ಹತ್ತು ಜನ ಬೇಕಾಯಿತು. ಅವರು ಬಂದು ಸೇರುವಷ್ಟರಲ್ಲಿ ಸರಿಸುವ ಅವಸರ ಉಳಿದಿರಲಿಲ್ಲ.

ಲಾರಿಯನ್ನು ಎಳೆದು ಪುತ್ತೂರಿನ ಪೊಲೀಸ್ ಠಾಣೆಯ ಅಂಗಳಕ್ಕೆ ತಂದರು. ಪೊಲೀಸರು ಟಯರು ನೋಡಿ ಹೇಳಲು ಪೇಟೆಯ ಇದ್ದಿನಬ್ಬ ಬ್ಯಾರಿಯನ್ನು ಕರೆಸಿದರು. ಇಪ್ಪತ್ತು ವರ್ಷದಿಂದ ಟಯರಿಗೆ ತೇಪೆ ಹಾಕುವವನು. ಅವನು ಒಡೆದ ಟಯರಿನ ಅಂಚನ್ನು ಹೆಬ್ಬೆರಳಿನಿಂದ ಮಡಚಿದ. ಒಣ ರೊಟ್ಟಿಯ ಹಾಗೆ ಒಂದು ಚೂರು ಕೈಗೆ ಬಂತು. ಮೂಸಿ ನೋಡಿದ.

“ಗೌಡ್ರೆ, ಇದನ್ನು ಮಳೆಗಾಲ ಎಲ್ಲಿ ಇಟ್ಟದ್ದು?”

“ಮನೆಯಲ್ಲಿ.”

“ಮನೆಯಲ್ಲಿ ಎಲ್ಲಿ?”

ದೇರಣ್ಣ ಹೇಳಿದ.

ಇದ್ದಿನಬ್ಬ ಪೊಲೀಸರ ಕಡೆಗೆ ಬೆನ್ನು ತಿರುಗಿಸಿದ. ಆಮೇಲೆ ತಗ್ಗಿದ ಸ್ವರದಲ್ಲಿ ಹೇಳಿದ: “ಬಿಸಿ ತಾಗಿದರೆ ರಬ್ಬರು ಸಾಯ್ತದೆ ಮಾರಾಯ್ರೆ. ನೋಡುವಾಗ ಗೊತ್ತಾಗುದಿಲ್ಲ. ಮೇಲೆ ತೆಂಗಿನೆಣ್ಣೆ ಬೇರೆ, ಅದು ಇದಕ್ಕೆ ವಿಷ. ಹಟ್ಟಿಯಲ್ಲಿ ಇಡ್ಲಿಕ್ಕೆ ಎಂತ ಆಗಿತ್ತು?”

“ಹೆಗ್ಗಣ.”

“ಹೆಗ್ಗಣ ಅಂಚು ಕಚ್ತದೆ. ಅಷ್ಟೇ.”

“ಅಟ್ಟದಲ್ಲಿ ಇಡಲಿಕ್ಕೆ ಹೇಳಿದ್ದು ನನ್ನ ಹೆಂಡತಿ. ಸತ್ತದ್ದು ಅವಳ ತಮ್ಮ. ಇದನ್ನು ಯಾರಿಗೂ ಹೇಳಬೇಡ ಬ್ಯಾರಿ.”

“ಪೊಲೀಸಿಗೆ ಹೇಳಿದರೆ ನಿಮಗೇ ಒಳ್ಳೆಯದಲ್ವಾ? ಗೊತ್ತಿಲ್ಲದೆ ಆದದ್ದು. ಲೈಸೆನ್ಸ್ ಆದರೂ ಉಳಿದೀತು.”

“ಪೊಲೀಸಿಗೆ ಹೇಳಿದ್ದು ಸಂಜೆಯ ಬಸ್ಸಿನಲ್ಲಿ ಅರಂತೋಡಿಗೆ ಬರ್ತದೆ.”

ಇದ್ದಿನಬ್ಬ ಆ ಚೂರನ್ನು ಜೇಬಿಗೆ ಹಾಕಿಕೊಂಡ. ಕಲ್ಲು ಬಡಿದು ಒಡೆದಿರಬೇಕು ಎಂದು ಪೊಲೀಸರಿಗೆ ಹೇಳಿ ಹೋದ.

ಹನ್ನೊಂದನೆಯ ದಿನದ ಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲೆ ಪೂವಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತಳು. ಅಷ್ಟು ದಿನವೂ ಅವಳು ಅತ್ತಿರಲಿಲ್ಲ. ಲೆಕ್ಕ ತಾಳೆಯಾಗದವಳ ಹಾಗೆ ಒಂದೇ ವಿಷಯವನ್ನು ಮತ್ತೆ ಮತ್ತೆ ಯೋಚಿಸುತ್ತಿದ್ದಳು.

“ಹಳೆಯ ನಾಲ್ಕಕ್ಕೂ ಎಂತ ಆಗಲಿಲ್ಲ,” ಎಂದಳು. “ಹೊಸತು ಒಡೆದದ್ದು ಹೇಗೆ? ನಾನು ಅಷ್ಟು ಜೋಪಾನ ಮಾಡಿದ್ದು.”

ದೇರಣ್ಣ ಅಂಗಳ ನೋಡುತ್ತಿದ್ದ.

“ನನ್ನ ಹತ್ತಿರ ಹೇಳಿ. ಅಟ್ಟದಲ್ಲಿ ಇಟ್ಟದ್ದಕ್ಕೆ ಏನಾದರೂ ಆಯ್ತಾ?”

ಅವಳು ತಾನಾಗಿ ಅಲ್ಲಿಗೆ ಬಂದು ಮುಟ್ಟುತ್ತಾಳೆಂದು ಅವನು ಎಣಿಸಿರಲಿಲ್ಲ. ಆ ಗೆರೆಗಳನ್ನು ಕಂಡವನು ತಾನು. ಕಂಡೂ ಲಾರಿ ಹತ್ತಿದವನು ತಾನು. ಆದರೆ ಗೆರೆಯ ಮಾತು ಎತ್ತಿದರೆ ಅಟ್ಟದ ಮಾತು ಬರುತ್ತದೆ. ಅದು ಬಂದರೆ ಈ ಹೆಂಗಸು ಮತ್ತೆ ಒಲೆ ಉರಿಸಲಿಕ್ಕಿಲ್ಲ. ಬರೀ ಕಲ್ಲು ಬಡಿಯಿತೆಂದರೆ ಅವಳ ಪ್ರಶ್ನೆ ನಿಲ್ಲುವುದಿಲ್ಲ.

“ಟಯರಿಗೆ ಎಂತ ಆಗಿರಲಿಲ್ಲ,” ಎಂದ. “ನಾನು ಕುಡಿದಿದ್ದೆ. ಗಾಡಿ ಬದಿಗೆ ಹೋಯ್ತು. ಕಲ್ಲಿಗೆ ಬಡಿಯಿತು.”

“ಬೆಳಿಗ್ಗೆ ಹತ್ತು ಗಂಟೆಗೆ?”

“ಸುಳ್ಯದಲ್ಲಿ ಕುಡಿದದ್ದು.”

“ನೀವು ಕುಡಿಯುದಿಲ್ಲ.”

“ದಾರಿಯಲ್ಲಿ ನಾನು ಎಂತ ಮಾಡ್ತೇನೆ ಅಂತ ನಿನಗೆ ಎಂತ ಗೊತ್ತುಂಟು?”

ಅವಳು ಅವನ ಮುಖ ನೋಡಿದಳು. “ಡೊಂಬ ಒಂದು ದಿನವೂ ಹೇಳಲಿಲ್ಲ.”

“ಅವನು ಭಾವನ ಮೇಲೆ ಚಾಡಿ ಹೇಳುವವನಾ?”

ಅದನ್ನು ಅವಳು ನಂಬಿದಳು. ತಮ್ಮನ ಬಗ್ಗೆ ಒಳ್ಳೆಯ ಮಾತಾದ್ದರಿಂದ ನಂಬಿದಳು. ಎದ್ದು ಒಳಗೆ ಹೋಗಿ, ಅವತ್ತು ಮೊದಲ ಸಲ, ಬಾಯಿ ಬಿಟ್ಟು ಅತ್ತಳು.

ಮಾತು ಊರಿಗೆ ಹಬ್ಬಿತು. ಕೋರ್ಟಿನಲ್ಲಿಯೂ ದೇರಣ್ಣ ಅದನ್ನೇ ಹೇಳಬೇಕಾಯಿತು. ಇಲ್ಲಿ ಒಂದು ಅಲ್ಲಿ ಒಂದು ಹೇಳಿದರೆ ಅವಳಿಗೆ ತಿಳಿಯುತ್ತದೆ. ನಾಲ್ಕು ತಿಂಗಳ ಸಜೆಯಾಯಿತು. ಲೈಸೆನ್ಸ್ ರದ್ದಾಯಿತು.

ಮೇ ತಿಂಗಳ ಕೊನೆಗೆ ಅವನು ಮನೆಗೆ ಬಂದ. ಪೂವಮ್ಮ ಎಲೆ ಹಾಕಿ ಬಡಿಸಿದಳು. ಅವನನ್ನು ಬಿಟ್ಟು ತವರು ಕಡಬಕ್ಕೆ ಹೋಗುವುದೆಂದರೆ ಅವಳಿಗೆ ಅಲ್ಲಿ ಯಾರೂ ಇರಲಿಲ್ಲ. ಅವನನ್ನು ‘ನೀವು’ ಎನ್ನುವುದನ್ನು ಬಿಟ್ಟಿದ್ದಳು. ‘ನೀನು’ ಎಂದೂ ಅನ್ನಲಿಲ್ಲ. ಹೇಳಬೇಕಾದ್ದನ್ನು ಕಂಬಕ್ಕೋ ಗೋಡೆಗೋ ಹೇಳುತ್ತಿದ್ದಳು.

ಪೊಲೀಸರು ಬಿಟ್ಟುಕೊಟ್ಟ ಲಾರಿ ಸೋಗೆಯ ಮಾಡಿನ ಅಡಿಯಲ್ಲಿ ಕೆಂಪು ಕಲ್ಲುಗಳ ಮೇಲೆ ನಿಂತಿತ್ತು. ಸಾಹುಕಾರರ ಲಾರಿಗೆ ಕ್ಲೀನರ್ ಬೇಕಂತೆ ಎಂದು ಯಾರೋ ಹೇಳಿದ್ದರಿಂದ ಅವನು ಪುತ್ತೂರಿಗೆ ಹೋದ. ಚಪ್ಪಲಿ ಬಿಡುವ ಜಾಗದಲ್ಲಿ ನಿಂತ. ಸಾಹುಕಾರರು ಹೊರಗೆ ಬಂದು, “ಕುಡಿಯುದು ಬಿಟ್ಟಿದ್ದಿಯಾ?” ಎಂದು ಕೇಳಿದರು. “ಬಿಟ್ಟಿದ್ದೇನೆ” ಎಂದ. ಮಳೆ ಕಳೆದ ಮೇಲೆ ಬಾ ಎಂದರು.

ವಾಪಸು ಬಂದಾಗ ಉಳಿದ ಐದು ಟಯರುಗಳನ್ನು ಪೂವಮ್ಮ ಅಡುಗೆಮನೆಗೆ ಉರುಳಿಸಿ ತಂದಿದ್ದಳು. ತೊಳೆದು ಒರೆಸಿದ್ದಳು. ಏಣಿ ಹತ್ತಿ ಅಟ್ಟದ ಬಾಯಲ್ಲಿ ಕೂತಿದ್ದಳು. ಈ ವರ್ಷ ಅಲ್ಲಿ ಬೇಕಾದಷ್ಟು ಜಾಗವಿತ್ತು. ಅವಳು ಹಪ್ಪಳ ಮಾಡಿರಲಿಲ್ಲ. ತಿನ್ನುವವನು ಇರಲಿಲ್ಲ.

“ಎತ್ತಿ ಕೊಟ್ಟರೆ ಒಳಗೆ ಇಡಬಹುದಿತ್ತು,” ಎಂದಳು ಗೋಡೆಗೆ. “ನವರಾತ್ರಿಗೆ ಗಾಡಿ ಮಾರುದು. ಟಯರು ಒಳ್ಳೆಯದಿದ್ದರೆ ಜನ ಬರ್ತಾರೆ. ಕುಡಿಯದವನು ಯಾರಾದರೂ ತೆಗೆದುಕೊಳ್ಳಲಿ.”

“ಹಟ್ಟಿಯಲ್ಲಿ ಇಟ್ಟರೆ ಆಗುದಿಲ್ವಾ?” ಎಂದ ದೇರಣ್ಣ.

ಅವಳು ಮೊದಲ ಸಲ ಅವನ ಕಡೆಗೆ ತಿರುಗಿದಳು. “ಯಾಕೆ? ಅಟ್ಟದಲ್ಲಿ ಇಟ್ಟರೆ ಎಂತ?”

“ಎಂತ ಇಲ್ಲ,” ಎಂದ.

ಒಂದನ್ನು ತಲೆಯ ಮೇಲೆತ್ತಿ ಏಣಿಯ ಮೂರು ಮೆಟ್ಟಿಲು ಹತ್ತಿದ. ಅವಳು ಅಂಚು ಹಿಡಿದು ಒಳಗೆ ಎಳೆದುಕೊಂಡಳು. ಕೆಳಗೆ ಒಲೆಯ ಮೇಲೆ ಅನ್ನದ ಎಸರು ಕುದಿಯುತ್ತಿತ್ತು. ಈ ಟಯರುಗಳ ಮೇಲೆ ಯಾರೂ ಗಾಡಿ ಓಡಿಸಬಾರದು. ಕೊಳ್ಳುವವನು ಬರುವ ಮೊದಲು ಐದನ್ನೂ ತಾನೇ ಕತ್ತಿಯಿಂದ ಕೊಯ್ಯಬೇಕು. ಕೊಯ್ದರೆ ಯಾಕೆಂದು ಅವಳು ಕೇಳುತ್ತಾಳೆ. ಅದಕ್ಕೂ ಕುಡಿದಿದ್ದೆ ಎನ್ನಬೇಕು.

ಮೇಲಿನಿಂದ ಅವಳ ಎರಡೂ ಕೈ ಚಾಚಿದ್ದವು. ಅವನು ಇಳಿದು ಎರಡನೆಯದನ್ನು ಎತ್ತಿದ.